‘ಹೌದು, ನಾನೇ ಮಾಡಿದ್ದು’ ಅನ್ನುವ ಮೊದಲು

ನಿನ್ನಮ್ಮ ಮೊನ್ನೆ ಹುಬ್ಬಳ್ಳಿಯಿಂದ ಫೋನ್ ಮಾಡಿದ್ದಳು. ಓದು ಮುಗಿಯಿತು, ಬಾರ್ ಪರೀಕ್ಷೆಯೂ ಪಾಸಾಯಿತು, ಇನ್ನು ನ್ಯೂಯಾರ್ಕಿನ ಯಾವುದಾದರೂ ದೊಡ್ಡ ಕಂಪನಿ ಸೇರುತ್ತಾಳೆ ಅಂದುಕೊಂಡರೆ ಹುಡುಗಿ ಯಾವುದೋ ಬುಡಕಟ್ಟಿನ ಕೋರ್ಟಿಗೆ ಹೊರಟು ನಿಂತಿದ್ದಾಳಲ್ಲೋ, ಅದೇನು ಪಂಚಾಯ್ತಿ ಕಟ್ಟೆಯೇ ಎಂದು ಕೇಳಿದಳು. ಅವಳಿಗೆ ಏನೋ ಸಮಾಧಾನ ಹೇಳಿದೆ. ಅರಿಜೋನಾ, ನ್ಯೂ ಮೆಕ್ಸಿಕೊ ಕಡೆಯ ಕೋರ್ಟುಗಳಲ್ಲಿ ಆರೋಪಿಗಳ ಪರ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡ ಮಾವ ನಾನು. ನಿನಗೆ ಹೇಳಬೇಕಾದದ್ದು ಬೇರೆ ಇದೆ. ಕೆಲಸಕ್ಕೆ ಹಾಜರಾಗುವ ಮುಂಚೆ ಓದಿಕೋ.

ಮೊದಲನೆಯದಾಗಿ, ಆ ಕೋರ್ಟನ್ನು ಸಣ್ಣದು ಅಂದುಕೊಳ್ಳಬೇಡ. ಅಮೆರಿಕದ ಸರ್ಕಾರ ಮಾನ್ಯ ಮಾಡಿರುವ ಬುಡಕಟ್ಟುಗಳು 570ಕ್ಕೂ ಹೆಚ್ಚು. ಅವುಗಳಲ್ಲಿ ನೂರಾರು ಬುಡಕಟ್ಟುಗಳಿಗೆ ತಮ್ಮದೇ ನ್ಯಾಯಾಲಯ, ತಮ್ಮದೇ ದಂಡಸಂಹಿತೆ, ತಮ್ಮದೇ ಪೊಲೀಸರಿದ್ದಾರೆ. ಈ ಅಧಿಕಾರವನ್ನು ವಾಷಿಂಗ್ಟನ್ ಕೊಟ್ಟದ್ದಲ್ಲ. ಸಂವಿಧಾನ ಬರೆಯುವ ಮೊದಲೇ ಅದು ಅವರ ಕೈಯಲ್ಲಿತ್ತು. ಆದ್ದರಿಂದಲೇ 1896ರಲ್ಲಿ ಟಾಲ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಮೆರಿಕದ ಹಕ್ಕುಗಳ ಮಸೂದೆ ಬುಡಕಟ್ಟುಗಳನ್ನು ಕಟ್ಟಿಹಾಕುವುದಿಲ್ಲ ಎಂದು ಹೇಳಿತು. ಆಮೇಲೆ 1968ರಲ್ಲಿ ಸಂಸತ್ತು ಇಂಡಿಯನ್ ಸಿವಿಲ್ ರೈಟ್ಸ್ ಕಾಯ್ದೆ ತಂದು ಬಹುಪಾಲು ಹಕ್ಕುಗಳನ್ನು ಅಲ್ಲಿಗೂ ಒಯ್ದಿತು. ಒಂದನ್ನು ಮಾತ್ರ ಅರ್ಧ ಒಯ್ದಿತು. ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಸ್ವಂತ ಖರ್ಚಿನಲ್ಲಿ. ಅದಕ್ಕೆ ಪ್ರತಿಯಾಗಿ ಶಿಕ್ಷೆಗೊಂದು ಮಿತಿ ಹಾಕಿತು: ಮೊದಲು ಆರು ತಿಂಗಳು, 1986ರಿಂದ ಒಂದು ಅಪರಾಧಕ್ಕೆ ಹೆಚ್ಚೆಂದರೆ ಒಂದು ವರ್ಷ ಜೈಲು, 5,000 ಡಾಲರ್ ದಂಡ. 2010ರ ಟ್ರೈಬಲ್ ಲಾ ಅಂಡ್ ಆರ್ಡರ್ ಕಾಯ್ದೆ ಬಂದ ಮೇಲೆ ಮೂರು ವರ್ಷದ ತನಕ ಕೊಡಬಹುದು, ಹಲವು ಅಪರಾಧಗಳು ಸೇರಿದರೆ ಒಂಬತ್ತು ವರ್ಷ. ಆದರೆ ಹಾಗೆ ಮಾಡಬೇಕಾದರೆ ಬಡವನಿಗೆ ಬುಡಕಟ್ಟೇ ವಕೀಲರನ್ನು ಕೊಡಬೇಕು, ಕಾನೂನು ಓದಿದ ನ್ಯಾಯಾಧೀಶರಿರಬೇಕು, ವಿಚಾರಣೆಯನ್ನು ದಾಖಲಿಸಬೇಕು. ಅದಕ್ಕೆ ದುಡ್ಡು ಬೇಕು. ಹಾಗಾಗಿ ಆ ದಾರಿ ಹಿಡಿದ ಬುಡಕಟ್ಟುಗಳು ಕೆಲವೇ.

ಹೆಚ್ಚೆಂದರೆ ಒಂದು ವರ್ಷ ತಾನೇ ಎಂಬ ಉದಾಸೀನ ಇಲ್ಲಿಂದಲೇ ಹುಟ್ಟುತ್ತದೆ. ಹೊರಗಿನ ವಕೀಲರಿಗೂ ಇದೆ, ಆರೋಪಿಗೂ ಇದೆ, ಎಷ್ಟೋ ಸಲ ಪೀಠದ ಮೇಲೆ ಕೂತವರಿಗೂ ಇದೆ.

ಸೋಮವಾರ ಬೆಳಗ್ಗೆ ಆ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ನೋಡು. ಶನಿವಾರ ರಾತ್ರಿ ಹಿಡಿದು ತಂದವರನ್ನು ಒಬ್ಬೊಬ್ಬರಾಗಿ ಕರೆಯುತ್ತಾರೆ. ನ್ಯಾಯಾಧೀಶರು ಆರೋಪ ಓದುತ್ತಾರೆ. ಎದುರು ನಿಂತವನು ನೆಲ ನೋಡುತ್ತಾ ‘ಹೌದು, ನಾನೇ ಮಾಡಿದ್ದು’ ಅನ್ನುತ್ತಾನೆ. ಸುಳ್ಳು ಹೇಳಬಾರದೆಂದು ಅಜ್ಜಿಯ ಮಡಿಲಲ್ಲಿ ಕಲಿತವನು. ಮಾಡಿದ್ದನ್ನು ಮಾಡಿಲ್ಲ ಎಂದು ತುಂಬಿದ ಕೋರ್ಟಿನಲ್ಲಿ ಹೇಳುವುದು ಅವನಿಗೆ ಅವಮಾನ. ಜೊತೆಗೆ ಮನೆಯಲ್ಲಿ ಕುರಿ ಇವೆ, ಮಗು ಇದೆ, ಮಂಗಳವಾರ ಕೆಲಸಕ್ಕೆ ಹೋಗಬೇಕು. ಒಪ್ಪಿಕೊಂಡರೆ ಇವತ್ತೇ ಮನೆಗೆ, ಇಲ್ಲದಿದ್ದರೆ ವಿಚಾರಣೆಯವರೆಗೆ ಒಳಗೆ. ಮೂವತ್ತು ದಿನ ಅಮಾನತು ಶಿಕ್ಷೆ, ಒಂದಿಷ್ಟು ದಂಡ, ಒಂದು ಸಹಿ. ಐದು ನಿಮಿಷದಲ್ಲಿ ಮುಗಿಯುತ್ತದೆ.

ಮುಗಿಯಿತು ಎಂದು ಅವನು ತಿಳಿಯುತ್ತಾನೆ. ಸಾಲ ಪೂರ್ತಿ ತೀರಿಸಿದ ರೈತ, ಪಹಣಿಯಲ್ಲಿ ಬ್ಯಾಂಕಿನ ಬೋಜಾ ಹಾಗೇ ಕೂತಿರುವುದನ್ನು ಹೊಲ ಮಾರಲು ಹೋದಾಗ ಕಂಡುಕೊಳ್ಳುತ್ತಾನಲ್ಲ, ಇವನ ಪಾಡೂ ಅದೇ. ಐದು ವರ್ಷ ಕಳೆದು ಒಂದು ಅರ್ಜಿ ತುಂಬುವಾಗ ಆ ಐದು ನಿಮಿಷ ಎದ್ದು ಬರುತ್ತದೆ. ಅದು ಯಾವ ಯಾವ ಬಾಗಿಲಲ್ಲಿ ಎದ್ದು ಬರುತ್ತದೆ ಎಂದು ಅವನಿಗೆ ಸಹಿಗೆ ಮುಂಚೆ ಹೇಳುವವರು ಯಾರೂ ಇಲ್ಲ. ಆ ಕೆಲಸ ಇನ್ನು ನಿನ್ನದು.

ಬ್ರಯಂಟ್ ತೀರ್ಪನ್ನು ಕಾಲೇಜಿನಲ್ಲಿ ಓದಿರುತ್ತೀ. ಪರೀಕ್ಷೆಯ ಕಣ್ಣು ಬಿಟ್ಟು ಇನ್ನೊಮ್ಮೆ ಓದು. ಮೊಂಟಾನಾದ ನಾರ್ದರ್ನ್ ಶೈಯೆನ್ ರಿಸರ್ವೇಶನ್ನಿನ, ಅಂದರೆ ಆ ಬುಡಕಟ್ಟಿಗೆ ಮೀಸಲಾದ ನೆಲದ, ಮನುಷ್ಯ. ಬುಡಕಟ್ಟು ಕೋರ್ಟಿನಲ್ಲಿ ನೂರಕ್ಕೂ ಹೆಚ್ಚು ಬಾರಿ ದೋಷಿಯಾದವನು. ಅವುಗಳಲ್ಲಿ ಹಲವು ಜೊತೆಗಾತಿಯರನ್ನು ಹೊಡೆದದ್ದಕ್ಕೆ. ಆ ಕೇಸುಗಳಲ್ಲಿ ವಕೀಲರಿರಲಿಲ್ಲ, ಒಪ್ಪಿಕೊಂಡಿದ್ದ, ಯಾವುದರಲ್ಲೂ ಒಂದು ವರ್ಷ ಮೀರಿದ ಶಿಕ್ಷೆ ಆಗಿರಲಿಲ್ಲ. 2011ರಲ್ಲಿ ಮತ್ತೆ ಇಬ್ಬರು ಹೆಂಗಸರ ಮೇಲೆ ಕೈ ಮಾಡಿದ. ಈ ಸಲ ಬಂದದ್ದು ಫೆಡರಲ್ ಪ್ರಾಸಿಕ್ಯೂಟರ್. ಮನೆಯೊಳಗಿನ ಹಲ್ಲೆಗೆ ಎರಡು ಬಾರಿ ಶಿಕ್ಷೆಯಾದವನು ಇಂಡಿಯನ್ ನೆಲದಲ್ಲಿ (ಅಂದರೆ ಬುಡಕಟ್ಟುಗಳ ನೆಲದಲ್ಲಿ) ಮೂರನೆಯ ಬಾರಿ ಕೈ ಎತ್ತಿದರೆ ಅದು ಫೆಡರಲ್ ಮಹಾಪರಾಧ ಎಂದು 2005ರಲ್ಲಿ ಸಂಸತ್ತು ಕಾಯ್ದೆ ಮಾಡಿತ್ತು. ಬುಡಕಟ್ಟು ಕೋರ್ಟಿನ ಶಿಕ್ಷೆಗಳೂ ಲೆಕ್ಕಕ್ಕೆ ಬರುತ್ತವೆ. ವಕೀಲರಿಲ್ಲದೆ ಆದ ಶಿಕ್ಷೆಯನ್ನು ಹೀಗೆ ಬಳಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟು ಮುಟ್ಟಿತು. 2016ರಲ್ಲಿ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಒಮ್ಮತದ ತೀರ್ಪು ಬರೆದರು: ಬಳಸಬಹುದು. ಆಗ ಆ ಕೋರ್ಟಿನಲ್ಲಿ ಅದು ಸಿಂಧುವಾಗಿತ್ತು, ಆದ್ದರಿಂದ ಈಗಲೂ ಸಿಂಧು. 46 ತಿಂಗಳು ಜೈಲು ಖಾಯಂ ಆಯಿತು.

ಆ ತೀರ್ಪು ತಪ್ಪು ಎಂದು ನಿನ್ನ ಹೊಸ ಸಹೋದ್ಯೋಗಿಗಳು ಚಹಾ ಕುಡಿಯುವಾಗ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಆ ನೂರು ಶಿಕ್ಷೆಗಳಲ್ಲಿ ಹಲವುಗಳ ಹಿಂದೆ ಹೊಡೆತ ತಿಂದ ಹೆಂಗಸರಿದ್ದಾರೆ. ಒಂದು ವರ್ಷಕ್ಕಿಂತ ಹೆಚ್ಚು ಅವನನ್ನು ದೂರ ಇಡಲಾಗದ ಕೋರ್ಟು ಅವರಿಗೇನು ಕೊಟ್ಟಿತು? ನನ್ನ ತಕರಾರು ಬೇರೆ. ಆ ಕೋರ್ಟಿನಲ್ಲಿ ಮೊದಲ ಬಾರಿ ನಿಂತ ಇಪ್ಪತ್ತರ ಹುಡುಗನಿಗೆ ‘ಇದು ಒಂದನೆಯದು, ಎರಡನೆಯದು ಆದ ಮೇಲೆ ನಿನ್ನ ಲೆಕ್ಕ ಬೇರೆ ಕಡೆ ಹೋಗುತ್ತದೆ’ ಎಂದು ಹೇಳಿದವರಿರಲಿಲ್ಲ. ಹೇಳಿದ್ದರೆ ಅವನ ಕೈ ನಿಲ್ಲುತ್ತಿತ್ತೋ ಇಲ್ಲವೋ, ಅವನ ಹೆಂಡತಿಗಾದರೂ ಅದು ಗೊತ್ತಿರುತ್ತಿತ್ತು.

ಇನ್ನೊಂದು ಭ್ರಮೆಯನ್ನು ಕಕ್ಷಿದಾರನ ತಲೆಯಿಂದ ತೆಗೆಯಬೇಕು: ಇಲ್ಲಿ ಒಪ್ಪಿಕೊಂಡರೆ ಅಲ್ಲಿ ತಪ್ಪಿಸಿಕೊಳ್ಳಬಹುದು ಎಂಬುದು. ಬುಡಕಟ್ಟು ಒಂದು ಸಾರ್ವಭೌಮ, ಅಮೆರಿಕ ಇನ್ನೊಂದು. ಒಂದೇ ಘಟನೆಗೆ ಇಬ್ಬರೂ ಶಿಕ್ಷೆ ಕೊಡಬಹುದು. 1974ರಲ್ಲಿ ನವಾಹೊ ಕೋರ್ಟಿನಲ್ಲಿ ವೀಲರ್ ಎಂಬವನು ಸಾರ್ವಜನಿಕ ಅಶಿಸ್ತಿನಂಥ ಸಣ್ಣ ಆರೋಪಗಳನ್ನು ಒಪ್ಪಿಕೊಂಡ. ವರ್ಷ ಕಳೆದು ಅದೇ ಘಟನೆಗೆ ಫೆಡರಲ್ ಗ್ರ್ಯಾಂಡ್ ಜ್ಯೂರಿ ಅಪ್ರಾಪ್ತೆಯ ಮೇಲಿನ ಅತ್ಯಾಚಾರದ ಆರೋಪ ಹೊರಿಸಿತು. 1978ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಅಡ್ಡಿಯಿಲ್ಲ ಎಂದಿತು. ಆದ್ದರಿಂದ ಕಡತದಲ್ಲಿ ಎಫ್‌ಬಿಐ ವಾಸನೆ ಬಂದರೆ ತಪ್ಪೊಪ್ಪಿಗೆಗೆ ಆತುರ ಪಡಬೇಡ. ಇಲ್ಲಿ ಆಡಿದ ಮಾತು ಅಲ್ಲಿಗೆ ಸಾಕ್ಷಿಯಾಗಿ ಹೋಗಬಹುದು.

ಬಂದೂಕಿನ ಮಾತಿಗೆ ಬರುತ್ತೇನೆ. ನಗರದಲ್ಲಿ ಬೆಳೆದ ನಿನಗೆ ಬಂದೂಕು ಅಂದರೆ ಸುದ್ದಿಯಲ್ಲಿ ಬರುವ ಗೋಲಿಬಾರ್. ಅಲ್ಲಿ ಅದು ಚಳಿಗಾಲದ ಮಾಂಸ. ಜಿಂಕೆ, ಎಲ್ಕ್ ಬೇಟೆ ಆಡಿ ಹಂಚಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಊಟದ ವಿಷಯ, ಕೆಲವು ಕಡೆ ವಿಧಿಯ ವಿಷಯ. 1996ರ ಲಾಟೆನ್‌ಬರ್ಗ್ ತಿದ್ದುಪಡಿ, ಮನೆಮಂದಿಯ ಮೇಲಿನ ಹಲ್ಲೆಗೆ ಸಣ್ಣ ಶಿಕ್ಷೆಯಾದವನೂ ಬಂದೂಕು ಇಟ್ಟುಕೊಳ್ಳಬಾರದು ಎಂದಿತು. ಬುಡಕಟ್ಟು ಕಾನೂನಿನಡಿಯ ಶಿಕ್ಷೆಯನ್ನು 2006ರಲ್ಲಿ ಅದಕ್ಕೆ ಸೇರಿಸಿದರು. ಮೀರಿದರೆ ಈಗ 15 ವರ್ಷದ ತನಕ ಫೆಡರಲ್ ಜೈಲು. ಅಪ್ಪ ಬಿಟ್ಟುಹೋದ ಹಳೇ ರೈಫಲ್ ಪಿಕಪ್ಪಿನ ಸೀಟಿನ ಹಿಂದೆ ಇದ್ದರೂ ಸಾಕು.

ಇಲ್ಲೊಂದು ತಮಾಷೆ ನೋಡು. ಬಂದೂಕಿನ ನಿಷೇಧಕ್ಕೆ, ಆ ಶಿಕ್ಷೆಯಾದಾಗ ವಕೀಲರಿದ್ದರೇ ಅಥವಾ ತಿಳಿದೇ ವಕೀಲರನ್ನು ಬೇಡವೆಂದನೇ ಎಂದು ಕಾಯ್ದೆಯೇ ಕೇಳುತ್ತದೆ. ಇಲ್ಲದಿದ್ದರೆ ಆ ಶಿಕ್ಷೆ ಲೆಕ್ಕಕ್ಕಿಲ್ಲ. ಬ್ರಯಂಟ್‌ಗೆ ಅನ್ವಯಿಸಿದ ಕಾಯ್ದೆ ಅದನ್ನು ಕೇಳುವುದೇ ಇಲ್ಲ. ಅಂದರೆ ವಕೀಲರಿಲ್ಲದ ಒಂದೇ ತಪ್ಪೊಪ್ಪಿಗೆ ಒಂದು ಕಾಯ್ದೆಯ ಕಣ್ಣಿಗೆ ಶೂನ್ಯ, ಇನ್ನೊಂದರ ಕಣ್ಣಿಗೆ ಗಟ್ಟಿ. ಇನ್ನು ನೀನು ಪಕ್ಕದಲ್ಲಿ ನಿಂತರೆ ಆ ಶೂನ್ಯವೂ ಗಟ್ಟಿಯಾಗುತ್ತದೆ! ನಿನ್ನ ಹಾಜರಿಯೇ ಶಿಕ್ಷೆಯನ್ನು ಬಲಪಡಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಆ ಹಾಜರಿಗೆ ತಕ್ಕ ಕೆಲಸ ಮಾಡು.

ಈ ನಿಷೇಧವನ್ನು ಹಳಿಯಲು ಹೊರಡುವ ಮುಂಚೆ ಮೇರಿಸ್‌ವಿಲ್ ಕಥೆ ಓದು. ವಾಷಿಂಗ್ಟನ್ ರಾಜ್ಯದ ಆ ಊರಿನ ಹೈಸ್ಕೂಲಿನಲ್ಲಿ 2014ರ ಅಕ್ಟೋಬರಿನಲ್ಲಿ ಒಬ್ಬ ಹುಡುಗ ನಾಲ್ವರು ಸಹಪಾಠಿಗಳನ್ನು ಕೊಂದ. ಬಂದೂಕು ಕೊಂಡಿದ್ದವನು ಅವನ ಅಪ್ಪ. ಆ ಅಪ್ಪನ ಮೇಲೆ ಬಂದೂಕು ಕೊಳ್ಳದಂತೆ ತಡೆಯಬೇಕಿದ್ದ ಟುಲೇಲಿಪ್ ಬುಡಕಟ್ಟು ಕೋರ್ಟಿನ ರಕ್ಷಣಾ ಆದೇಶವಿತ್ತು, ಆದರೆ ಅದು ರಾಷ್ಟ್ರೀಯ ದತ್ತಾಂಶಕ್ಕೆ ಸೇರಿರಲಿಲ್ಲ. ಅಂಗಡಿಯವನ ತಪಾಸಣೆಯಲ್ಲಿ ಏನೂ ಬರಲಿಲ್ಲ. ಮರುವರ್ಷ ನ್ಯಾಯ ಇಲಾಖೆ ಬುಡಕಟ್ಟುಗಳಿಗೆ ರಾಷ್ಟ್ರೀಯ ಅಪರಾಧ ದಾಖಲೆಗಳಿಗೆ ನೇರ ಸಂಪರ್ಕ ಕೊಡುವ ಯೋಜನೆ ಆರಂಭಿಸಿತು. ಅಗತ್ಯವಾಗಿತ್ತು. ಅದರ ಇನ್ನೊಂದು ಮುಖವೆಂದರೆ, ಹಿಂದೆ ಕೋರ್ಟಿನ ಕಬ್ಬಿಣದ ಬೀರುವಿನಲ್ಲೇ ಉಳಿಯುತ್ತಿದ್ದ ಕಾಗದ ಈಗ ದೇಶದ ಯಾವ ಮೂಲೆಯಲ್ಲಾದರೂ ತೆರೆಗೆ ಬರಬಹುದು. ‘ನಮ್ಮ ಕೋರ್ಟಿನದು ಹೊರಗೆ ಯಾರಿಗೂ ಗೊತ್ತಾಗಲ್ಲ’ ಎಂದು ಹಳೆಯ ಗುಮಾಸ್ತರು ಹೇಳಿದರೆ ನಂಬಬೇಡ.

ಕೆಲಸದ ವಿಷಯವೇ ಜನರನ್ನು ಹೆಚ್ಚು ಕಾಡುವುದು. ರಿಸರ್ವೇಶನ್ನಿನಲ್ಲಿ ಕೆಲಸ ಅಂದರೆ ಬುಡಕಟ್ಟಿನ ಕಚೇರಿ, ಶಾಲೆ, ಆಸ್ಪತ್ರೆ, ಕೆಸಿನೊ. ಇವು ಬಿಟ್ಟರೆ ಗಂಟೆಗಟ್ಟಲೆ ಡ್ರೈವ್. 1990ರ ಮಕ್ಕಳ ರಕ್ಷಣೆಯ ಕಾಯ್ದೆಯೊಂದಿದೆ. ಇಂಡಿಯನ್ ಮಕ್ಕಳ ಒಡನಾಟವಿರುವ ಹುದ್ದೆಗೆ, ಮನುಷ್ಯರ ಮೇಲಿನ ಅಪರಾಧಗಳಲ್ಲಿ ಎರಡು ಸಣ್ಣ ಶಿಕ್ಷೆಯಾದವರೂ ಅನರ್ಹರು ಎನ್ನುತ್ತದೆ ಅದು. ಫೆಡರಲ್, ರಾಜ್ಯ, ಬುಡಕಟ್ಟು ಯಾವ ಕಾನೂನಿನದಾದರೂ ಸರಿ. ಫೆಡರಲ್ ಹಣದಲ್ಲಿ ಶಾಲೆ, ಆಸ್ಪತ್ರೆ ನಡೆಸುವ ಬುಡಕಟ್ಟುಗಳೂ ಅದಕ್ಕಿಂತ ಸಡಿಲ ಮಾಡುವಂತಿಲ್ಲ. ಎಷ್ಟು ವರ್ಷದ ಹಿಂದಿನದು ಎಂದು ಕೇಳುವ ಸಾಲು ಅದರಲ್ಲಿಲ್ಲ. ಹತ್ತೊಂಬತ್ತರಲ್ಲಿ ಒಂದು ಹೊಡೆದಾಟ, ಇಪ್ಪತ್ತರಲ್ಲಿ ಇನ್ನೊಂದು, ಎರಡಕ್ಕೂ ‘ಹೌದು’ ಅಂದವನು ಅಂತ ಇಟ್ಟುಕೋ. ಕುಡಿತ ಬಿಟ್ಟು ಸಂಸಾರ ಕಟ್ಟಿ ನಲವತ್ತೈದಕ್ಕೆ ಶಾಲಾ ಬಸ್ಸಿನ ಚಾಲಕನಾಗಲು ಹೋದರೆ ಅರ್ಜಿ ವಾಪಸು. ಅಡುಗೆಮನೆಯ ಕೆಲಸಕ್ಕೂ ಅದೇ ಕಥೆ. ಕೆಸಿನೊದಲ್ಲಾದರೆ 1988ರ ಜೂಜು ಕಾಯ್ದೆಯಂತೆ ಮುಖ್ಯ ಹುದ್ದೆಗಳಿಗೆ ಪೂರ್ವಾಪರ ತಪಾಸಣೆ, ಲೈಸೆನ್ಸು.

ಆಮೇಲೆ ಮನೆ. ಬುಡಕಟ್ಟಿನ ವಸತಿ ಮಂಡಳಿಯ ಬಾಡಿಗೆ ಕರಾರಿನಲ್ಲಿ ಅಪರಾಧದ ಷರತ್ತು ಇರುತ್ತದೆ. ಮೊಮ್ಮಗ ಮಾಡಿದ್ದಕ್ಕೆ ಅಜ್ಜಿಯ ಮನೆಗೆ ನೋಟಿಸು ಬರುವುದುಂಟು. ಮಕ್ಕಳ ವಿಷಯ ಅದಕ್ಕಿಂತ ಕಠಿಣ. 1978ರ ಇಂಡಿಯನ್ ಚೈಲ್ಡ್ ವೆಲ್ಫೇರ್ ಕಾಯ್ದೆ, ಹೆತ್ತವರಿಂದ ಬೇರೆಯಾದ ಮಗು ಮೊದಲು ಬಂಧುಗಳ ಮನೆಗೆ ಹೋಗಲಿ ಎನ್ನುತ್ತದೆ. 2016ರ ಇನ್ನೊಂದು ಕಾಯ್ದೆ, ಬುಡಕಟ್ಟು ಕೋರ್ಟು ಮಗುವನ್ನು ಸಾಕಲು ಕೊಡುವ ಮನೆಯ ಪ್ರತಿಯೊಬ್ಬ ವಯಸ್ಕನ ಪೂರ್ವಾಪರ ನೋಡಬೇಕು ಎನ್ನುತ್ತದೆ. ಎರಡೂ ಒಳ್ಳೆಯವೇ. ಆದರೆ ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆಯಲ್ಲಿ ಚಿಕ್ಕಪ್ಪನೊಬ್ಬನ ಹಳೆಯ ಕೇಸು ಎದ್ದರೆ, ಆ ಮುದುಕಿ ಮಗನನ್ನು ಹೊರಗೆ ಹಾಕಬೇಕು ಇಲ್ಲವೇ ಮೊಮ್ಮಗುವಿನ ಆಸೆ ಬಿಡಬೇಕು. ಅಂಥ ಮುದುಕಿಯ ಎದುರು ಕೂತು ಕಾಯ್ದೆಯ ಸಂಖ್ಯೆ ಹೇಳಬೇಡ. ಮಗ ಎಲ್ಲಿ ಮಲಗುತ್ತಾನೆ, ಹಿತ್ತಲ ಟ್ರೇಲರು ಯಾರದು, ಕೇಸು ಯಾವ ಕಲಮಿನದು ಎಂದು ವಿಚಾರಿಸು.

ಇದನ್ನೇ ನಾನು ಒತ್ತಿ ಹೇಳುವುದು. ದಂಡಸಂಹಿತೆ ತೆರೆಯುವ ಮೊದಲು ಕಕ್ಷಿದಾರನ ಬದುಕು ಕೇಳು. ಎಲ್ಲಿ ಮಲಗುತ್ತೀ, ಆ ಮನೆ ಯಾರ ಹೆಸರಿನಲ್ಲಿದೆ, ಬೇಟೆಗೆ ಹೋಗುತ್ತೀಯಾ, ಸೈನ್ಯ ಸೇರುವ ಆಸೆ ಇದೆಯಾ, ಮಕ್ಕಳ ಜೊತೆ ಕೆಲಸ ಮಾಡುತ್ತೀಯಾ, ಹುಟ್ಟಿದ್ದು ಎಲ್ಲಿ. ಕೊನೆಯದನ್ನು ಬಿಡಬೇಡ. 1978ರ ಓಲಿಫಂಟ್ ತೀರ್ಪು ಬುಡಕಟ್ಟು ಕೋರ್ಟಿಗೆ ಇಂಡಿಯನ್ ಅಲ್ಲದವರನ್ನು ಶಿಕ್ಷಿಸುವ ಅಧಿಕಾರವಿಲ್ಲ ಎಂದಿತ್ತು. 2013ರಲ್ಲಿ ಮನೆಯೊಳಗಿನ ಹಿಂಸೆಗೆ, 2022ರಲ್ಲಿ ಇನ್ನಷ್ಟು ಅಪರಾಧಗಳಿಗೆ ಆ ಅಧಿಕಾರ ಮರಳಿ ಬಂತು. ಅಲ್ಲಿಯ ಹೆಣ್ಣನ್ನು ಮದುವೆಯಾಗಿ ಅಲ್ಲೇ ನೆಲೆಸಿದ ಮೆಕ್ಸಿಕೊದವನೋ ನಮ್ಮವನೋ ನಿನ್ನ ಮುಂದೆ ನಿಲ್ಲಬಹುದು. ಗಡೀಪಾರಿಗೆ ಕಾರಣವಾಗುವ ಮನೆಹಿಂಸೆಯ ಕಲಮಿನಲ್ಲಿ ಬುಡಕಟ್ಟು ಸರ್ಕಾರದ ಕಾನೂನೂ ಹೆಸರಿಟ್ಟು ಸೇರಿದೆ. ಗಡೀಪಾರಿನ ಅಪಾಯವನ್ನು ಕಕ್ಷಿದಾರನಿಗೆ ಹೇಳುವುದು ವಕೀಲರ ಕರ್ತವ್ಯ ಎಂದು 2010ರಲ್ಲಿ ಪಡೀಯಾ ತೀರ್ಪು ಸಾರಿದ್ದು ನಿನಗೆ ಗೊತ್ತೇ ಇದೆ.

ಉತ್ತರಗಳು ಕೈಯಲ್ಲಿದ್ದರೆ ಪ್ರಾಸಿಕ್ಯೂಟರ್ ಬಳಿ ಹೋಗಲು ನಿನಗೆ ಮುಖ ಇರುತ್ತದೆ. ಅವರೂ ಅದೇ ಊರಿನವರ ಹಿತಕ್ಕೆ ಕೂತವರು; ಮಾತಾಡಿದರೆ ಕೇಳುತ್ತಾರೆ. ಹೊಡೆದಾಟದಲ್ಲಿ ಹೆಂಡತಿ ಮಕ್ಕಳು ಇಲ್ಲವೇ ಇಲ್ಲ, ಬರೀ ಕುಡಿದ ಗಲಾಟೆ ಎಂದಾದರೆ ಹಲ್ಲೆ ಎಂಬ ಹೆಸರೇ ಏಕೆ? ಅಶಿಸ್ತು ಎಂದರೂ ಶಿಕ್ಷೆ ಅಷ್ಟೇ ಇರುತ್ತದೆ, ಇಪ್ಪತ್ತು ವರ್ಷದ ನಂತರದ ಬಸ್ಸಿನ ಕೆಲಸ ಉಳಿಯುತ್ತದೆ. ಆರೋಪವನ್ನು ಆರು ತಿಂಗಳು ತಡೆಹಿಡಿದು, ಚಿಕಿತ್ಸೆ ಮುಗಿಸಿದರೆ ಕೈಬಿಡುವ ಒಪ್ಪಂದ ಸಾಧ್ಯವೇ? ಕುಡಿತ, ಮಾದಕದ ಕೇಸುಗಳಿಗೆ ಹಲವು ಬುಡಕಟ್ಟುಗಳು ಹೀಲಿಂಗ್ ಟು ವೆಲ್‌ನೆಸ್ ಎಂಬ ಕೋರ್ಟು ನಡೆಸುತ್ತವೆ. ನವಾಹೊಗಳು 1982ರಿಂದಲೇ ಶಾಂತಿಕರ್ತರ ನ್ಯಾಯ ಪದ್ಧತಿಯನ್ನು ಕೋರ್ಟಿನೊಳಗೆ ತಂದಿದ್ದಾರೆ, ಎರಡೂ ಕಡೆಯ ಬಂಧುಗಳು ಕೂತು ಮಾತಾಡಿ ಪರಿಹಾರ ಕಟ್ಟುತ್ತಾರೆ. ಅಲ್ಲಿ ಮುಗಿದದ್ದು ಶಿಕ್ಷೆಯ ದಾಖಲೆಯಾಗದೆ ಉಳಿಯಬಹುದು. ಹೆಂಡತಿಗೆ ಹೊಡೆದವನ ಕೇಸನ್ನು ಮಾತ್ರ ಈ ಹೆಸರು ಬದಲಿಸುವ ಜಾಣತನದಿಂದ ದಾಟಿಸಬೇಡ; ನಿನಗೆ ಸಿಗುವ ಗೆಲುವಿಗೆ ಬೆಲೆ ಕೊಡುವವಳು ಆ ಕೋರ್ಟಿನಲ್ಲೇ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ.

ಹಕ್ಕುಗಳನ್ನು ಹೇಳುವ ರೀತಿಗೂ ಅಲ್ಲೇ ಪಾಠವಿದೆ. 2004ರಲ್ಲಿ ರೊಡ್ರಿಗೆಸ್ ಪ್ರಕರಣದಲ್ಲಿ ನವಾಹೊ ಸುಪ್ರೀಂ ಕೋರ್ಟು, ಹಕ್ಕುಗಳ ಇಂಗ್ಲಿಷ್ ಕಾಗದವನ್ನು ಮುಂದೆ ತಳ್ಳಿ ಸಹಿ ಹಾಕಿಸಿಕೊಂಡರೆ ಸಾಲದು, ಮರ್ಯಾದೆಯಿಂದ ತಾಳ್ಮೆಯಿಂದ ತಿಳಿಸಿ ಹೇಳಬೇಕು ಎಂದು ಪೊಲೀಸರಿಗೆ ಬುದ್ಧಿ ಹೇಳಿತು. ಅದು ವಕೀಲರಿಗೂ ಸಲ್ಲುತ್ತದೆ. ನೀನು ಕೇಳಿದ ಪ್ರಶ್ನೆಗೆ ಮೌನ ಬಂದರೆ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡ, ಕಾಯಿ.

ವಾಷಿಂಗ್ಟನ್ ಮಾಡಿದ ಕಾಯ್ದೆಗಳನ್ನು ನೀನಾಗಲಿ ನಾನಾಗಲಿ ಬದಲಿಸಲಾರೆವು. ಆದರೆ ಈ ಹಿಂಬಾಲಿಸುವ ಕಷ್ಟಗಳಲ್ಲಿ ಎಷ್ಟೋ ಬುಡಕಟ್ಟಿನ ಕೌನ್ಸಿಲೇ ಬರೆದುಕೊಂಡವು. ವಸತಿಯ ಷರತ್ತು, ನೌಕರಿಯ ನಿಯಮ, ಚುನಾವಣೆಗೆ ನಿಲ್ಲುವ ಅರ್ಹತೆ, ಬೇಟೆಯ ಪರವಾನಗಿ, ಕೊನೆಗೆ ಊರಿನಿಂದಲೇ ಹೊರಹಾಕುವ ಆದೇಶ. (ಹೊರಹಾಕುವುದು ಎಷ್ಟು ಗಂಭೀರವೆಂದರೆ, 1996ರಲ್ಲಿ ಟೊನವಾಂಡ ಸೆನೆಕಾ ಜನರ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಅದನ್ನು ಬಂಧನಕ್ಕೆ ಸಮನೆಂದು ಕಂಡಿತು.) ಬರೆದವರೇ ತಿದ್ದಬಹುದು. ಕ್ಯಾಲಿಫೋರ್ನಿಯಾದ ಯೂರೊಕ್ ಬುಡಕಟ್ಟಿನ ಮುಖ್ಯ ನ್ಯಾಯಾಧೀಶೆ ಅಬ್ಬಿ ಅಬಿನಾಂಟಿ ಅವರ ಕೋರ್ಟನ್ನು ನೋಡು. ಮಕ್ಕಳ ಜೀವನಾಂಶಕ್ಕೆ ದುಡ್ಡಿಲ್ಲದವನು ಮೀನು, ಸೌದೆ ಕೊಟ್ಟು ತೀರಿಸಬಹುದು ಎಂದು ದಾರಿ ಮಾಡಿದವರು. ರಾಜ್ಯದ ಕೋರ್ಟುಗಳಲ್ಲಿ ತಮ್ಮವರ ಹಳೆಯ ಶಿಕ್ಷೆ ಅಳಿಸಿಕೊಳ್ಳಲು ನೆರವನ್ನೂ ಕೊಟ್ಟವರು.

ಆದರೆ ಕೌನ್ಸಿಲಿಗೆ ಹೋಗಿ ಭಾಷಣ ಮಾಡಬೇಡ. ನೀನು ಹೊರಗಿನವಳು, ವಯಸ್ಸಿನಲ್ಲೂ ಚಿಕ್ಕವಳು. ಮೊದಲ ವರ್ಷ ನೋಡಿ ಬರೆದಿಟ್ಟುಕೋ: ಯಾವ ನಿಯಮದಿಂದ ಯಾರಿಗೆ ಏನಾಯಿತು. ಅಲ್ಲಿಯವರೇ ಆದ ವಕಾಲತ್ತುದಾರರಿರುತ್ತಾರೆ, ಕಾನೂನು ಪದವಿ ಇಲ್ಲದೆಯೂ ಆ ಕೋರ್ಟಿನಲ್ಲಿ ವಾದಿಸಲು ಪರವಾನಗಿ ಪಡೆದವರು. ಯಾರ ತಾಯಿ ಯಾವ ಕುಲ ಎಂಬುದು ಅವರಿಗೆ ಗೊತ್ತು. ಅವರ ಕೈಯಲ್ಲಿ ನಿನ್ನ ಟಿಪ್ಪಣಿ ಕೊಡು, ಮಾತು ಅವರದಾಗಲಿ. ‘ಮನುಷ್ಯರ ಮೇಲಿನ ಅಪರಾಧ’ ಎಂಬ ಸಾಲಿನಲ್ಲಿ ಯಾವ ಯಾವ ಕಲಮು ಬರಬೇಕು, ಎಷ್ಟು ವರ್ಷದ ಮೇಲೆ ವಸತಿ ಮಂಡಳಿ ಹಳೆಯದನ್ನು ಕೇಳಬಾರದು, ದಾಖಲೆ ಅಳಿಸಲು ಯಾರಿಗೆ ಅರ್ಜಿ: ಕೌನ್ಸಿಲಿನ ಒಂದು ಠರಾವಿನಲ್ಲಿ ಆಗುವ ಕೆಲಸಗಳಿವು.

ಒಂದು ಎಚ್ಚರ, ನೀನು ಹುಬ್ಬಳ್ಳಿಯವಳಾದ್ದರಿಂದ. ನಿಮ್ಮ ಊರಿನ ಸೆಟ್ಲಮೆಂಟ್ ಬಡಾವಣೆ ನೆನಪಿರಬಹುದು. ಬ್ರಿಟಿಷರು 1871ರಲ್ಲಿ ಶುರುವಾದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಬಲದಿಂದ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಬರೆದು ಕೂಡಿಹಾಕಿದ ಕಾಲದ ಹೆಸರು ಅದು. 1952ರಲ್ಲಿ ಆ ಕಾಯ್ದೆ ಹೋದರೂ ರೂಢಿಗತ ಅಪರಾಧಿಗಳ ಕಾಯ್ದೆಗಳ ರೂಪದಲ್ಲಿ ಕಳಂಕ ಉಳಿಯಿತು. 2024ರ ಅಕ್ಟೋಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಜೈಲುಗಳ ಜಾತಿಭೇದದ ತೀರ್ಪಿನಲ್ಲಿ ಅದನ್ನೂ ಎತ್ತಿತು. ಈ ನೆನಪು ನಿನಗೆ ದಾಖಲೆಯ ಭಾರವೇನೆಂದು ತಿಳಿಸುತ್ತದೆ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಹುಬ್ಬಳ್ಳಿಯಲ್ಲಿ ಹೊರಗಿನವರು ಒಂದು ಜನವನ್ನು ಕಟ್ಟಿಹಾಕಿದರು. ನೀನು ಹೋಗುತ್ತಿರುವ ಕೋರ್ಟು ಬುಡಕಟ್ಟಿನ ಜನ ತಮ್ಮವರಿಗಾಗಿ ತಾವೇ ನಡೆಸುವುದು; ಅದರ ಮಾತಿಗೆ ಹೊರಗೆ ಬೆಲೆ ಬರಲಿ ಎಂದು ನೂರು ವರ್ಷ ಹೋರಾಡಿದವರು. ಅವರ ಶಿಕ್ಷೆಗೆ ಹೊರಗೆ ಬೆಲೆ ಬಂದಿದ್ದರಿಂದಲೇ ಈ ಹಿಂಬಾಲಿಸುವ ಕಷ್ಟಗಳೂ ಬಂದವು. ಈ ಇಕ್ಕಟ್ಟನ್ನು ಒಂದೇ ಸಲಕ್ಕೆ ಬಿಡಿಸಹೋಗಬೇಡ.

ಕೊನೆಯದು, ಕೇಸು ಮುಗಿದ ಮೇಲಿನ ಕೆಲಸ. ಆ ಕೋರ್ಟಿಗೆ ಅಳಿಸುವ ಅಥವಾ ಕ್ಷಮಿಸುವ ಕಾನೂನಿದ್ದರೆ ಕಕ್ಷಿದಾರನಿಗೆ ಅವಧಿ ಮುಗಿಯುವ ತಾರೀಖನ್ನು ಕಾಗದದಲ್ಲಿ ಬರೆದು ಕೊಡು. ಬಂದೂಕಿನ ನಿಷೇಧದಲ್ಲಿ, ಶಿಕ್ಷೆ ಕೊಟ್ಟ ಬುಡಕಟ್ಟೇ ಅದನ್ನು ಅಳಿಸಿದರೆ ಅಥವಾ ಕ್ಷಮಿಸಿದರೆ, ಬಂದೂಕು ಕೂಡದೆಂದು ಆದೇಶದಲ್ಲೇ ಹೇಳಿರದಿದ್ದರೆ, ಫೆಡರಲ್ ಕಾಯ್ದೆ ಆ ಮಾತನ್ನು ಗೌರವಿಸುತ್ತದೆ. ಬೇರೆ ಕಾಯ್ದೆಗಳು ಹಾಗೇ ಮಾಡುತ್ತವೆಂದು ಊಹಿಸಬೇಡ, ಒಂದೊಂದನ್ನೂ ತೆಗೆದು ಓದು. ಆದೇಶ ಸಿಕ್ಕಿದ ದಿನ ಸಿಹಿ ಹಂಚಿ ಕಡತ ಕಟ್ಟಬೇಡ. ಶಿಕ್ಷೆಯ ದಾಖಲೆ ರಾಷ್ಟ್ರೀಯ ದತ್ತಾಂಶಕ್ಕೆ ಹೋಗಿತ್ತಾದರೆ ಅಳಿಸಿದ ಆದೇಶವೂ ಹೋಗಬೇಕು, ಮತ್ತು ಅದು ತಾನಾಗಿ ಹೋಗುವುದು ಅಪರೂಪ. ಗುಮಾಸ್ತರ ಹತ್ತಿರ ಹೋಗಿ ಕಳಿಸಿದ ತಾರೀಖು ಕೇಳು, ಮೊಹರು ಹಾಕಿದ ಮೂರು ಪ್ರತಿ ತೆಗೆಸು. ಒಂದು ನಿನ್ನ ಕಡತಕ್ಕೆ, ಒಂದು ಅವನಿಗೆ, ಇನ್ನೊಂದು ಅವನ ಅಮ್ಮನಿಗೋ ಅಕ್ಕನಿಗೋ. ಆ ಮನೆಗಳಲ್ಲಿ ಕಾಗದ ಕಳೆಯದಂತೆ ಇಡುವವರು ಅವರೇ.